ಹುಡುಕುವ ವಿದ್ಯೆ: ಬರೋಡದಿಂದ ಮಹಾಡದವರೆಗೆ

ಅಕ್ಷರವನ್ನು ನಮ್ಮಿಂದ ದೂರ ಇಟ್ಟಿದ್ದರು ಎಂಬ ಮಾತನ್ನು ಸಭೆ ಸಭೆಯಲ್ಲಿ ಹೇಳಿದ್ದೇವೆ, ಹಾಡು ಕಟ್ಟಿ ಹಾಡಿದ್ದೇವೆ. ಅದು ನಿಜ. ಆದರೆ ಅಕ್ಷರ ಕೈಗೆ ಬಂದ ಮೇಲೂ ಇನ್ನೊಂದು ವಿದ್ಯೆ ನಮ್ಮಿಂದ ದೂರವೇ ಉಳಿಯಿತು. ಅದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಅದು ಹುಡುಕುವ ವಿದ್ಯೆ. ಯಾರೋ ಒಂದು ಮಾತು ಹೇಳಿದರೆ ಅದು ಎಲ್ಲಿ ಬರೆದಿದೆ, ಬರೆದವನು ಯಾರು, ಯಾವ ಕಾಲದಲ್ಲಿ ಬರೆದ, ಯಾರ ಸಂಬಳ ತಿಂದು ಬರೆದ ಅಂತ ಕೇಳುವುದು. ಕೇಳಿ ಸುಮ್ಮನಾಗದೆ ಗ್ರಂಥಾಲಯದ ಕ್ಯಾಟಲಾಗಿನಲ್ಲಿ, ಪುಸ್ತಕದ ಕೊನೆಯ ಪದಸೂಚಿಯಲ್ಲಿ, ಸರ್ಕಾರಿ ವರದಿಯ ಅನುಬಂಧದಲ್ಲಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮಾತಿನ ಬೇರು ಹಿಡಿದು ಹೋಗುವುದು.

ಕಾಲೇಜಿನ ಮೆಟ್ಟಿಲು ಹತ್ತಿದ ಕೇರಿಯ ಮಕ್ಕಳಿಗೆ ಈ ವಿದ್ಯೆಯನ್ನು ಹೇಳಿಕೊಟ್ಟವರು ಅಪರೂಪ. ನೋಟ್ಸ್ ಬರೆಸಿದರು, ಗೈಡು ಕೊಳ್ಳಿ ಅಂದರು, ಪರೀಕ್ಷೆಗೆ ಇಷ್ಟು ಸಾಕು ಅಂದರು. ಓದಿದವರ ಮನೆಯ ಹುಡುಗನಿಗೆ ಯಾವ ಪುಸ್ತಕ ತೆಗೆಯಬೇಕು, ಯಾವ ಕಚೇರಿಯಲ್ಲಿ ಏನು ಸಿಗುತ್ತದೆ ಎಂಬುದು ಊಟದ ಹೊತ್ತಿನಲ್ಲೇ ಅಪ್ಪನಿಂದಲೋ ಚಿಕ್ಕಪ್ಪನಿಂದಲೋ ಕಿವಿಗೆ ಬೀಳುತ್ತದೆ. ಹೆಬ್ಬೆಟ್ಟು ಒತ್ತಿ ಬದುಕಿದವರ ಮನೆಯಲ್ಲಿ ಅದನ್ನ ಹೇಳೋರು ಯಾರು? ಹಾಗಾಗಿ ಗ್ರಂಥಾಲಯದ ಕೌಂಟರಿನ ಮುಂದೆ ನಿಂತ ನಮ್ಮ ಹುಡುಗರು ಏನು ಕೇಳಬೇಕೋ ಗೊತ್ತಾಗದೆ ಹಿಂದಕ್ಕೆ ಬರುತ್ತಾರೆ. ಇದನ್ನು ಬರೀ ಪರೀಕ್ಷೆಯ ಸಮಸ್ಯೆ ಅಂತ ಬಗೆಯಬಾರದು. ಈ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತ ಒಬ್ಬ ದಲಿತ ವಿದ್ಯಾರ್ಥಿ ಮುಂದೆ ಅದನ್ನು ಎಲ್ಲೆಲ್ಲಿ ಬಳಸಿದ ಎಂಬ ಚರಿತ್ರೆಯೇ ಇದಕ್ಕೆ ಸಾಕ್ಷಿ. ಆ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್.

ಅಂಬೇಡ್ಕರ್ ಅವರ ಪುಸ್ತಕಪ್ರೇಮದ ಬಗ್ಗೆ ನಮ್ಮಲ್ಲಿ ಕತೆಗಳು ಬೇಕಾದಷ್ಟಿವೆ. ದಾದರಿನಲ್ಲಿ ಪುಸ್ತಕಗಳಿಗಾಗಿಯೇ ರಾಜಗೃಹ ಕಟ್ಟಿಸಿದರು, ಊಟ ಬಿಟ್ಟು ಓದಿದರು ಎಂದೆಲ್ಲ ಭಕ್ತಿಯಿಂದ ಹೇಳುತ್ತೇವೆ. ಭಕ್ತಿಯಲ್ಲಿ ಒಂದು ಅಪಾಯ ಇದೆ. ಅವರು ಎಷ್ಟು ಓದಿದರು ಅಂತ ಎಣಿಸುತ್ತೇವೆ, ಹೇಗೆ ಓದಿದರು ಅಂತ ಕೇಳುವುದಿಲ್ಲ.

ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡೆನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಬೋರ್ಡೆನ್ 1913ರವರೆಗೆ ಬರೋಡದಲ್ಲಿದ್ದು ಕೇಂದ್ರ ಗ್ರಂಥಾಲಯ ಕಟ್ಟಿದರು, ಪುಸ್ತಕಗಳನ್ನು ವರ್ಗೀಕರಿಸುವ ಕ್ರಮವೊಂದನ್ನು ರೂಪಿಸಿದರು, 1911ರಲ್ಲಿ ಗ್ರಂಥಪಾಲಕರಿಗೆ ತರಬೇತಿ ತರಗತಿ ಶುರು ಮಾಡಿದರು. ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಗಳಿಗೆ ಹೋಗತೊಡಗಿದವು. ಅದೇ 1913ರಲ್ಲಿ ಅದೇ ಮಹಾರಾಜರ ವಿದ್ಯಾರ್ಥಿವೇತನ ಪಡೆದು, ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ಲೆಕ್ಕದಲ್ಲಿ, ಒಬ್ಬ ಮಹಾರ್ ಯುವಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. ಪುಸ್ತಕ ಜೋಡಿಸುವ ವಿದ್ಯೆ ಅಮೆರಿಕದಿಂದ ಬರೋಡಕ್ಕೆ ಬಂತು. ಪುಸ್ತಕ ಹುಡುಕುವ ವಿದ್ಯೆ ಕಲಿಯಲು ಬರೋಡದ ದುಡ್ಡಿನಲ್ಲಿ ಒಬ್ಬ ಅಸ್ಪೃಶ್ಯ ಅಮೆರಿಕಕ್ಕೆ ಹೋದ.

ಕೊಲಂಬಿಯಾದಲ್ಲಿ ಅಂಬೇಡ್ಕರ್ ನೋಂದಾಯಿಸಿದ ಪಾಠಗಳ ಲೆಕ್ಕ ಸಿಗುತ್ತದೆ: ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4. ಜೊತೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಯ ಆರಂಭದ ಪಾಠಗಳು. ಅಲ್ಲಿನ ಮೇಲಿನ ತರಗತಿಗಳ ಜೀವ ಇದ್ದದ್ದು ಸೆಮಿನಾರಿನಲ್ಲಿ. ವಿದ್ಯಾರ್ಥಿ ಒಂದು ಪ್ರಶ್ನೆ ಹಿಡಿಯಬೇಕು, ಅದರ ಬಗ್ಗೆ ಈಗಾಗಲೇ ಯಾರ್‍ಯಾರು ಏನೇನು ಬರೆದಿದ್ದಾರೆ ಅಂತ ಹುಡುಕಬೇಕು, ಅವರನ್ನು ಒಬ್ಬರ ಎದುರು ಒಬ್ಬರನ್ನು ನಿಲ್ಲಿಸಬೇಕು, ಪ್ರಬಂಧ ಬರೆದು ಎಲ್ಲರ ಮುಂದೆ ಓದಬೇಕು, ಬಂದ ಪ್ರಶ್ನೆಗೆ ಆಧಾರ ಸಮೇತ ಉತ್ತರ ಹೇಳಬೇಕು. ಗುರು ಹೇಳಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವ ಗುರುಕುಲದ ಪದ್ಧತಿಗೆ ಇದು ಪೂರ್ತಿ ಉಲ್ಟಾ.

ಆ ಸೆಮಿನಾರಿನ ಒಂದು ಫಲ ಇವತ್ತಿಗೂ ನಮ್ಮ ಕೈಯಲ್ಲಿದೆ. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಅಂಬೇಡ್ಕರ್ 'ಭಾರತದಲ್ಲಿ ಜಾತಿಗಳು' ಎಂಬ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. 1917ರ ಮೇ ತಿಂಗಳ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅದನ್ನು ಅದರ ಸಿದ್ಧಾಂತಕ್ಕಾಗಿ ಓದುವವರಿದ್ದಾರೆ. ನಮ್ಮ ವಿದ್ಯಾರ್ಥಿಗಳು ಅದನ್ನು ಅದರ ಕಸುಬಿಗಾಗಿಯೂ ಓದಬೇಕು. ಜಾತಿ ಅಂದರೇನು ಎಂಬ ಪ್ರಶ್ನೆಗೆ ಅಲ್ಲಿ ಅವರು ನಾಲ್ಕು ಜನರ ವ್ಯಾಖ್ಯೆಗಳನ್ನು ಮೇಜಿನ ಮೇಲೆ ಇಡುತ್ತಾರೆ: ಫ್ರಾನ್ಸಿನ ಸೆನಾರ್, ಇಂಗ್ಲಿಷ್ ಅಧಿಕಾರಿಗಳಾದ ನೆಸ್‌ಫೀಲ್ಡ್ ಮತ್ತು ರಿಸ್ಲೆ, ನಮ್ಮ ದೇಶದ ಕೇತ್ಕರ್. ಇವರಲ್ಲಿ ರಿಸ್ಲೆ 1901ರ ಜನಗಣತಿಯ ಮುಖ್ಯಸ್ಥನಾಗಿದ್ದವನು. ಅಂಬೇಡ್ಕರ್ ಯಾರ ದೊಡ್ಡಸ್ತಿಕೆಗೂ ಮಣಿಯುವುದಿಲ್ಲ. ಒಬ್ಬೊಬ್ಬರ ಮಾತಿನಲ್ಲಿ ಯಾವುದು ತಿರುಳು, ಯಾವುದು ಹೊಟ್ಟು ಅಂತ ಮೊರ ಹಿಡಿದು ಕೇರುತ್ತಾರೆ. ಜಾತಿಯನ್ನು ಒಂಟಿಯಾಗಿ ನೋಡಿದ್ದು ಇವರೆಲ್ಲರ ದೋಷ, ಅದನ್ನು ಇಡೀ ವ್ಯವಸ್ಥೆಯೊಳಗಿನ ಒಂದು ಗುಂಪಾಗಿ ನೋಡಬೇಕು ಎನ್ನುತ್ತಾರೆ. ಕೊನೆಗೆ ಉಳಿದ ಕಾಳು ಒಂದು: ತನ್ನೊಳಗೇ ಮದುವೆ, ಹೊರಗೆ ಮದುವೆ ಇಲ್ಲ. ಆ ಕಟ್ಟನ್ನು ಉಳಿಸಿಕೊಳ್ಳಲು ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಹೇಗೆ ಬೇಕಾದವು ಎಂದು ಅಲ್ಲಿಂದ ಬಿಡಿಸುತ್ತಾ ಹೋಗುತ್ತಾರೆ. ಜಾತಿಯ ನೋವನ್ನು ಉಂಡ ಮನುಷ್ಯ, ಆ ನೋವಿನ ಬಗ್ಗೆ ಬೇರೆಯವರು ಬರೆದದ್ದನ್ನೆಲ್ಲ ಹುಡುಕಿ ಓದಿ, ಅವರಿಗಿಂತ ಒಂದು ಹೆಜ್ಜೆ ಮುಂದೆ ಇಟ್ಟ ಗಳಿಗೆ ಅದು.

ಅಂಬೇಡ್ಕರ್ 1917ರಲ್ಲಿ ಇಂಡಿಯಾಕ್ಕೆ ಮರಳಿದರು. ಅವರ ಸಾಮಾನು, ಪುಸ್ತಕಗಳಿದ್ದ ಹಡಗು ಮಹಾಯುದ್ಧದ ಟಾರ್ಪೆಡೋ ಏಟಿಗೆ ಮುಳುಗಿತು. ಬರೋಡದಲ್ಲಿ ಕೆಲಸಕ್ಕೆ ಸೇರಿದರೆ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು, ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಆ ದಿನಗಳಲ್ಲಿ ಓದೇ ತನಗೆ ಆಸರೆಯಾಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಹಳ್ಳಿ ಹಳ್ಳಿಗೆ ಪುಸ್ತಕದ ಪೆಟ್ಟಿಗೆ ಕಳಿಸಿದ ಸಂಸ್ಥಾನದ ರಾಜಧಾನಿಯಲ್ಲಿ ಆ ಪುಸ್ತಕ ಓದಿ ಬಂದವನಿಗೆ ತಲೆ ಮರೆಸಿಕೊಳ್ಳಲೂ ಸೂರಿಲ್ಲ! ಗ್ರಂಥಾಲಯ ಇದ್ದರೆ ಸಾಕು, ಸಮಾಜ ತಾನಾಗೇ ಬೆಳಕಾಗುತ್ತದೆ ಅಂತ ನಂಬಿಕೊಂಡಿರುವ ಉದಾರವಾದಿಗಳು ಈ ಪ್ರಸಂಗವನ್ನು ನೆನಪಿಡಬೇಕು. ಪುಸ್ತಕದ ಬೀರು ತೆರೆಯುವುದಕ್ಕೂ ಮನೆಯ ಬಾಗಿಲು ತೆರೆಯುವುದಕ್ಕೂ ನಡುವೆ ಹೋರಾಟ ಎಂಬುದೊಂದು ಬೇಕಾಗುತ್ತದೆ.

1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಓದುಕೋಣೆ ಮತ್ತು ಇಂಡಿಯಾ ಆಫೀಸಿನ ಗ್ರಂಥಾಲಯ ಅವರ ಬಿಡಾರವಾದವು. ಹಿಂದೆ ಮಾರ್ಕ್ಸ್ ಕೂತು ಓದಿದ್ದೂ ಆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೇ. ಆಳುವ ದೇಶ ತನ್ನ ವಸಾಹತಿನ ಲೆಕ್ಕಪತ್ರವನ್ನೆಲ್ಲ ಒಂದು ಕಡೆ ಕೂಡಿಟ್ಟಿತ್ತು. ಆಳಿಸಿಕೊಂಡವನೊಬ್ಬ ಹೋಗಿ ಆ ಲೆಕ್ಕ ಬಿಚ್ಚಿ ನೋಡಿದ. ರೂಪಾಯಿಯ ಸಮಸ್ಯೆಯ ಬಗೆಗಿನ ಪುಸ್ತಕ 1923ರಲ್ಲೂ ಪ್ರಾಂತೀಯ ಹಣಕಾಸಿನ ವಿಕಾಸದ ಬಗೆಗಿನ ಪುಸ್ತಕ 1925ರಲ್ಲೂ ಹೊರಬಂದವು. ಅವುಗಳ ಪುಟ ತಿರುವಿದರೆ ಸರ್ಕಾರಿ ವರದಿ, ಆಯವ್ಯಯ, ಸಮಿತಿಗಳ ಮುಂದಿನ ಸಾಕ್ಷ್ಯ ಇವೇ ತುಂಬಿವೆ.

ಈ ವಿದ್ಯೆ ಮಹಾಡಕ್ಕೆ ಬಂದ ಬಗೆ ನೋಡಿ. 1923ರ ಆಗಸ್ಟಿನಲ್ಲಿ ಬೊಂಬಾಯಿ ವಿಧಾನ ಪರಿಷತ್ತು ಎಸ್.ಕೆ. ಬೋಲೆಯವರ ನಿರ್ಣಯ ಒಪ್ಪಿತು. ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಆಸ್ಪತ್ರೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ನಿರ್ಣಯ ಅದು. 1924ರಲ್ಲಿ ಮಹಾಡದ ಪುರಸಭೆ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಿತು. ತೆರೆದದ್ದು ಕಾಗದದ ಮೇಲೆ. ನೀರು ಮುಟ್ಟಲು ಯಾರಿಗೂ ಧೈರ್ಯ ಇರಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನ ಮೆರವಣಿಗೆಯಲ್ಲಿ ಹೋಗಿ ಆ ಕಾಗದದ ಹಕ್ಕನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಏಟು ಬಿದ್ದವು, ತಲೆ ಒಡೆದವು. ಸನಾತನಿಗಳು ಕೆರೆಗೆ ಶುದ್ಧಿ ಮಾಡಿಸಿದರು. ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ತೆಗೆದುಕೊಂಡಿತು. ಡಿಸೆಂಬರ್ 12ರಂದು ಸವರ್ಣೀಯರು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, 14ರಂದು ತಾತ್ಕಾಲಿಕ ತಡೆಯಾಜ್ಞೆ ತಂದರು. ಮತ್ತೆ ಕೆರೆಗೆ ಇಳಿಯುವುದನ್ನು ನಿಲ್ಲಿಸಬೇಕಾಯಿತು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು.

ಆ ಬೆಂಕಿ ನಮಗೆಲ್ಲ ನೆನಪಿದೆ. ದಾವೆ ಮಾತ್ರ ಮರೆತಿದೆ. ಸನಾತನಿಗಳ ವಾದ ಎರಡು ಕಾಲಿನ ಮೇಲೆ ನಿಂತಿತ್ತು. ಒಂದು, ಕೆರೆ ಖಾಸಗಿ ಸೊತ್ತು. ಎರಡು, ಅಸ್ಪೃಶ್ಯರು ಅದನ್ನು ಮುಟ್ಟಬಾರದೆಂಬುದು ಅನಾದಿ ಕಾಲದ ರೂಢಿ. ದೇವಸ್ಥಾನದ ಕಟ್ಟೆಯ ಮೇಲೆ ಕೂತು 'ಮೊದಲಿಂದ ಬಂದದ್ದು' ಅಂದರೆ ಊರೇ ತಲೆಯಾಡಿಸುತ್ತದೆ. ಕೋರ್ಟಿನಲ್ಲಿ ಅದೇ ಮಾತಿಗೆ ಎದುರು ಪ್ರಶ್ನೆ ಬರುತ್ತದೆ: ಮೊದಲು ಅಂದರೆ ಯಾವಾಗ? ತೋರಿಸು. 1931ರ ಜೂನಿನಲ್ಲಿ ಮಹಾಡದ ಕೋರ್ಟು ಸವರ್ಣೀಯರ ದಾವೆ ವಜಾ ಮಾಡಿತು. ಠಾಣೆಯ ಮೇಲ್ಮನವಿಯಲ್ಲೂ ಸೋತರು. 1937ರ ಮಾರ್ಚ್ 17ರಂದು ಬೊಂಬಾಯಿ ಹೈಕೋರ್ಟು, ಅನಾದಿ ಕಾಲದ ರೂಢಿಯೆಂಬುದನ್ನು ಸಾಬೀತು ಮಾಡಲು ಇವರಿಂದ ಆಗಿಲ್ಲ ಎಂದು ತೀರ್ಪು ಕೊಟ್ಟಿತು. ನೀರು ಕುಡಿದ ದಿನದಿಂದ ಲೆಕ್ಕ ಹಾಕಿದರೆ ಹತ್ತು ವರ್ಷಕ್ಕೆ ಮೂರು ದಿನ ಕಡಿಮೆ. ಬೀದಿಯಲ್ಲಿ ಏಟು ತಿಂದವರ ಧೈರ್ಯ ಇಲ್ಲದಿದ್ದರೆ ಆ ಪ್ರಶ್ನೆ ಕೋರ್ಟಿಗೇ ಬರುತ್ತಿರಲಿಲ್ಲ. ಪಟ್ಟು ಹಿಡಿದು ಹತ್ತು ವರ್ಷ ಕಡತದ ಜೊತೆ ಗುದ್ದಾಡುವವರು ಇಲ್ಲದಿದ್ದರೆ ಆ ಧೈರ್ಯಕ್ಕೆ ಕಾನೂನಿನ ಮುದ್ರೆ ಬೀಳುತ್ತಿರಲಿಲ್ಲ.

ಶತ್ರುವಿನ ಕಡತವನ್ನು ಶತ್ರುವಿನ ಮೇಲೆಯೇ ತಿರುಗಿಸುವುದು ಈ ವಿದ್ಯೆಯ ಇನ್ನೊಂದು ಪಟ್ಟು. ರಿಸ್ಲೆ ಜನರ ಮೂಗು ಅಳೆದು, ಮೂಗಿನ ಅಗಲಕ್ಕೂ ಜಾತಿಯ ಮೇಲುಕೀಳಿಗೂ ಗಂಟು ಹಾಕಿದ್ದ. 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಅಂಬೇಡ್ಕರ್ ಅಂಥದೇ ಮೂಗಿನ ಅಳತೆಯ ಪಟ್ಟಿಗಳನ್ನು ಎದುರಿಗಿಟ್ಟು, ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಬೇರೆ ಜನಾಂಗ ಎಂಬ ವಾದವನ್ನು ಅದೇ ಅಂಕಿಗಳಿಂದ ಕೆಡವಿದರು. ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕೊಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಸಂಸ್ಕೃತ ಬಾರದವನಿಗೆ ಶಾಸ್ತ್ರದ ಮಾತೇಕೆ ಅನ್ನುವವರಿಗೆ 1946ರ 'ಶೂದ್ರರು ಯಾರು' ಪುಸ್ತಕದ ಮುನ್ನುಡಿಯಲ್ಲಿ ಉತ್ತರ ಇದೆ: ಹದಿನೈದು ವರ್ಷ ಇಂಗ್ಲಿಷ್ ಅನುವಾದಗಳನ್ನು ಕೂತು ಓದಿದ್ದೇನೆ, ಈ ಕೆಲಸಕ್ಕೆ ಅಷ್ಟು ಸಾಕು ಎಂಬ ಅರ್ಥದ ಉತ್ತರ. ಮ್ಯಾಕ್ಸ್ ಮುಲ್ಲರ್ ಸಂಪಾದಿಸಿದ ಪೂರ್ವದೇಶಗಳ ಪವಿತ್ರ ಗ್ರಂಥಮಾಲೆಯಲ್ಲಿ 50 ಸಂಪುಟ. 1910ರಲ್ಲಿ ಬಂದ ಐವತ್ತನೆಯದು ಪೂರ್ತಿ ಪದಸೂಚಿ. ಶೂದ್ರ ಕಿವಿಗೆ ಕೇಳಿಸಿಕೊಂಡರೂ ಪಾಪ ಎಂದಿದ್ದ ಮಾತು ಯಾವ ಸಂಪುಟದ ಯಾವ ಪುಟದಲ್ಲಿದೆ ಎಂದು ಅಕಾರಾದಿಯಲ್ಲಿ ಅಚ್ಚಾಗಿ ಕೂತಿದೆ. ಪುರೋಹಿತನ ಬಾಯಿಯಲ್ಲಿದ್ದ ಬೀಗದ ಕೈ ಈಗ ಯಾರು ಬೇಕಾದರೂ ಬೆರಳಿಟ್ಟು ತೆಗೆಯಬಹುದಾದ ಪಟ್ಟಿ.

ಇನ್ನು ನಮ್ಮ ನೆಲಕ್ಕೆ ಬರೋಣ. ಅಂಬೇಡ್ಕರ್ ಪ್ರಬಂಧ ಅಚ್ಚಾದ ಅದೇ 'ಇಂಡಿಯನ್ ಆಂಟಿಕ್ವರಿ'ಯಲ್ಲಿ, ಅದಕ್ಕೆ 44 ವರ್ಷ ಮೊದಲು, 1873ರಲ್ಲಿ, ಮೈಸೂರು ಸೀಮೆಯಲ್ಲಿದ್ದ ಕ್ಯಾಪ್ಟನ್ ಮೆಕೆಂಜಿ ಎಂಬ ಅಧಿಕಾರಿ ನಮ್ಮ ಹೊಲೆಯರ ಬಗ್ಗೆ ಬರೆದ. ಊರ ಗಡಿಯ ತಕರಾರು ಬಂದರೆ ಹೊಲೆಯ ಕುಳವಾಡಿಯ ಮಾತೇ ಕೊನೆ. ಆತ ಊರ ಮಣ್ಣಿನ ಉಂಡೆಯೊಳಗೆ ನೀರಿಟ್ಟು ತಲೆಯ ಮೇಲೆ ಹೊತ್ತು ಗಡಿ ನಡೆಯುತ್ತಾನೆ, ದಾರಿ ತಪ್ಪಿದರೆ ಉಂಡೆ ಒಡೆಯುತ್ತದೆ ಎಂಬ ನಂಬಿಕೆ ಇತ್ತು ಅಂತ ಅವನು ದಾಖಲಿಸಿದ್ದಾನೆ. ಹೊಲಗೇರಿಯೊಳಗೆ ಬ್ರಾಹ್ಮಣ ಕಾಲಿಟ್ಟರೆ ಕೇರಿಯವರೆಲ್ಲ ಹೊರಬಂದು ಚಪ್ಪಲಿಯಲ್ಲಿ ಹೊಡೆದು ಓಡಿಸುತ್ತಿದ್ದರು ಎಂದೂ ಬರೆದಿದ್ದಾನೆ. ಈ ಮಾತು 1909ರಲ್ಲಿ ಥರ್ಸ್ಟನ್ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಎರಡನೆಯದಕ್ಕೆ, ಹೊಲೆಯ ಎಂಬ ತಲೆಬರಹದ ಕೆಳಗೆ ಬಂತು. ಅಲ್ಲಿಂದ ಎಷ್ಟೋ ಭಾಷಣ, ಎಷ್ಟೋ ಲೇಖನಗಳಿಗೆ ಹರಿಯಿತು. ಹುಡುಕುವ ವಿದ್ಯೆ ಅಂದರೆ ಈ ಹೊಳೆಯನ್ನು ಎದುರೀಜಿ ಮೇಲಕ್ಕೆ ಹೋಗುವುದು. ಭಾಷಣದಿಂದ ಥರ್ಸ್ಟನ್ನಿಗೆ, ಥರ್ಸ್ಟನ್ನಿನಿಂದ ಮೆಕೆಂಜಿಗೆ. ಅಲ್ಲಿಗೂ ನಿಲ್ಲಬಾರದು. ಮೆಕೆಂಜಿಗೆ ಇದನ್ನು ಹೇಳಿದವರು ಯಾರು? ಕುಳವಾಡಿಯೋ, ಶಾನುಭೋಗನೋ? ನೆಲದ ಗಡಿ ಗೊತ್ತಿದ್ದವನ ಹೆಸರಿನಲ್ಲಿ ನೆಲ ಯಾಕೆ ಇಲ್ಲ? ಕೊನೆಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇಲ್ಲ. ಆದರೆ ಪುಸ್ತಕದ ಬೆನ್ನು ಹತ್ತದೆ ಆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ನೆಲದ ಮಾತು ಬಂತಲ್ಲ, ಅಲ್ಲಿಯೇ ಈ ವಿದ್ಯೆಗೆ ಇವತ್ತು ಹೆಚ್ಚಿನ ಕೆಲಸ ಇರುವುದು. ತೋಟಿ, ತಳವಾರ, ನೀರಗಂಟಿ ಚಾಕರಿಗೆ ಬಿಟ್ಟ ಇನಾಮು ಜಮೀನುಗಳಿದ್ದವು. ಗ್ರಾಮ ಹುದ್ದೆಗಳ ರದ್ದಿಯಾತಿಗೆ 1961ರಲ್ಲಿ ಕಾಯ್ದೆ ಬಂತು, ಆ ನೆಲವನ್ನು ಚಾಕರಿ ಮಾಡಿದವರಿಗೆ ಮರುಮಂಜೂರು ಮಾಡಬೇಕಾಗಿತ್ತು. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಷರತ್ತು ಮೀರಿ ಪರಭಾರೆಯಾಗಿದ್ದರೆ ವಾಪಸು ಕೊಡಿಸುವ ಪಿಟಿಸಿಎಲ್ ಕಾಯ್ದೆ 1978ರಲ್ಲಿ ಬಂತು. ತಡವಾಗಿ ಬಂದಿರಿ ಎಂದು ಕೋರ್ಟುಗಳು ಅರ್ಜಿ ತಳ್ಳತೊಡಗಿದಾಗ, ಹೋರಾಟದ ಫಲವಾಗಿ 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಆಯಿತು. ಕಾಯ್ದೆ ಇದೆ, ಆದರೆ ಅಸಿಸ್ಟೆಂಟ್ ಕಮಿಷನರ್ ಮುಂದೆ ನಿಂತ ಮುದುಕಿಯನ್ನು ಕೇಳುವುದು ಒಂದೇ: ಸಾಗುವಳಿ ಚೀಟಿ ಎಲ್ಲಮ್ಮಾ? ಮಂಜೂರಾತಿ ಆದೇಶ, ಮ್ಯುಟೇಶನ್ನು, ಹಳೆ ಪಹಣಿ ಎಲ್ಲಿ? ಚೀಟಿ ಗೌಡರ ಮನೆ ಪೆಟ್ಟಿಗೆ ಸೇರಿ ನಲವತ್ತು ವರ್ಷ ಆಗಿರುತ್ತದೆ. ಅದರ ಮೂಲ ದರಖಾಸ್ತು ಕಡತದಲ್ಲಿ ಇರಬಹುದು, ಮಂಜೂರಾತಿ ರಿಜಿಸ್ಟರಿನಲ್ಲಿ ಇರಬಹುದು, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ನಕಲು ತೆಗೆಸಬಹುದು ಎಂದು ಹೇಳಲು ಆ ಮುದುಕಿಯ ಪದವೀಧರ ಮೊಮ್ಮಗನಿಗೆ ಗೊತ್ತಿರಬೇಕಲ್ಲವೇ? ಮೂರು ವರ್ಷ ಇತಿಹಾಸ ಓದಿದ ಹುಡುಗನಿಗೆ ಒಂದು ಕಡತ ಹುಡುಕಲು ಬಾರದಿದ್ದರೆ ಆ ಇತಿಹಾಸ ಯಾರ ಇತಿಹಾಸ?

ದಾಖಲೆಯನ್ನು ದೇವರು ಮಾಡಬೇಕೆಂದು ಇದರ ಅರ್ಥವಲ್ಲ. ಲೆಕ್ಕದ ಪುಸ್ತಕ ಬರೆದ ಕೈ ಶಾನುಭೋಗನದು. ಅವನು ಬರೆಯದೇ ಬಿಟ್ಟದ್ದು ನಡೆದೇ ಇಲ್ಲ ಎಂದರೆ ನಮ್ಮ ಅಜ್ಜ ಅಜ್ಜಿಯರ ಬಾಳೇ ಸುಳ್ಳಾಗುತ್ತದೆ. ಹಾಗಾಗಿ ನಮ್ಮ ಕೆಲಸ ಎರಡು. ಅವರು ಬರೆದಿಟ್ಟದ್ದನ್ನು ಅನುಮಾನದ ಕಣ್ಣಿನಿಂದ ಓದುವುದು ಒಂದು. ನಮ್ಮವರ ಬಾಯಲ್ಲಿರುವುದನ್ನು ಹೇಳಿದವರ ಹೆಸರು, ಊರು, ದಿನಾಂಕ ಸಮೇತ ಬರೆದಿಡುವುದು ಇನ್ನೊಂದು. ಈ ಅನುಮಾನದ ಕಣ್ಣು ನಮ್ಮ ಕಡೆಗೂ ತಿರುಗಬೇಕು. ಬಾಬಾಸಾಹೇಬರ ಹೆಸರಿನಲ್ಲಿ ಅವರು ಹೇಳದ ಮಾತುಗಳು ಫೋನಿನಿಂದ ಫೋನಿಗೆ ಹಾರಾಡುತ್ತಿವೆ. ಮಹಾರಾಷ್ಟ್ರ ಸರ್ಕಾರ 1979ರಿಂದ ಅವರ ಬರಹ ಭಾಷಣಗಳ ಸಂಪುಟಗಳನ್ನು ತಂದಿದೆ, ಕನ್ನಡಕ್ಕೂ ಬಂದಿವೆ. ಯಾವ ಸಂಪುಟ, ಯಾವ ಪುಟ ಅಂತ ನೋಡದೆ ಮುಂದಕ್ಕೆ ಕಳಿಸಿದರೆ, ಪುರಾಣ ಹೇಳುವ ಭಟ್ಟನಿಗೂ ನಮಗೂ ಏನು ವ್ಯತ್ಯಾಸ?

ಹಳ್ಳಿಯ ಮೇಷ್ಟ್ರುಗಳಲ್ಲಿ, ಕಾಲೇಜಿನ ಗೆಳೆಯರಲ್ಲಿ ಕೇಳುವುದು ಇಷ್ಟು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿಯಾಗುತ್ತದೆ. ಆ ಗ್ರಂಥಾಲಯ ಜನರ ದುಡ್ಡಿನದು, ಚವದಾರ್ ಕೆರೆಯ ಹಾಗೆ. ಅದರೊಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಪುಸ್ತಕ ಕೈಗೆ ಕೊಟ್ಟು ಸುಮ್ಮನಾಗಬೇಡಿ, ಒಂದು ಪ್ರಶ್ನೆ ಕೊಡಿ: ನಮ್ಮೂರ ಕೆರೆ ಯಾರದು? ಕೇರಿಯ ಪಕ್ಕದ ಗೋಮಾಳ ಹಿಂದೆ ಎಷ್ಟು ಎಕರೆ ಇತ್ತು, ಈಗ ಎಷ್ಟಿದೆ? ಗೆಜೆಟಿಯರ್, ಜನಗಣತಿಯ ಪುಸ್ತಕ, ಸರ್ವೆ ನಕ್ಷೆ, ಊರಿನ ಅತಿ ಹಿರಿಯ ಮುದುಕಿ, ಈ ನಾಲ್ಕನ್ನೂ ಕೇಳಿಕೊಂಡು ಬರಲಿ. ನಾಲ್ಕು ಉತ್ತರ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಯಾಕೆ ತಾಳೆಯಾಗಲಿಲ್ಲ ಎಂದು ಒಂದು ಪುಟ ಬರೆಯಲಿ. ಅಂಥ ಬರಹ ನಮ್ಮ ಪತ್ರಿಕೆಗೂ ಬರಲಿ.